ದೇಶಕಾಲಕ್ಕೆ ಹುರಿಯುಂಟೆ? ಒರೆಗಲ್ಲಿನ ಮೇಲೆ ಒಂದು ಸಿದ್ಧಾಂತ

ಚಿನ್ನದ ಬಣ್ಣವನ್ನು ಕಂಡೊಡನೆ ಬೆಲೆ ಹೇಳುವವನು ಒಳ್ಳೆಯ ಅಕ್ಕಸಾಲಿಗನಲ್ಲ. ಆತನು ಮೊದಲು ಒರೆಗಲ್ಲಿಗೆ ತಿಕ್ಕುತ್ತಾನೆ, ಮೂಡಿದ ಗೆರೆಯನ್ನು ನೋಡುತ್ತಾನೆ, ಆ ಬಳಿಕ ಮಾತನಾಡುತ್ತಾನೆ. ಪ್ರಕೃತಿಯನ್ನು ಕುರಿತ ಸಿದ್ಧಾಂತಗಳ ವಿಷಯದಲ್ಲಿಯೂ ನ್ಯಾಯವು ಇದೇ ಆಗಿದೆ. ಎಷ್ಟೇ ಸುಂದರವಾದ ಗಣಿತವಿರಲಿ, ಎಷ್ಟೇ ದೊಡ್ಡವರು ಹೇಳಿರಲಿ, ಪ್ರಯೋಗದ ಒರೆಗೆ ನಿಲ್ಲದೆ ಅದು ಸತ್ಯವೆನಿಸದು. ಆದರೆ ಒರೆ ಹಚ್ಚುವವನು ಇನ್ನೊಂದು ಮಾತನ್ನೂ ವಿಚಾರಿಸಬೇಕಾಗುತ್ತದೆ: ತಾನು ಕೈಯಲ್ಲಿ ಹಿಡಿದಿರುವ ಕಲ್ಲು ಈ ಲೋಹಕ್ಕೆ ತಕ್ಕ ಒರೆಗಲ್ಲೇ ಹೌದೆ? ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ತೋರಿಸುವ ಒಂದು ವಿಚಾರವನ್ನು ಈ ಸಂಚಿಕೆಯಲ್ಲಿ ನಾವು ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಮನೆಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಿದ್ದರೆ ಅವರೊಡನೆ ಕುಳಿತು ಇದನ್ನು ಓದಬೇಕೆಂದು ನಮ್ಮ ಅಪೇಕ್ಷೆ.

ಗುರುತ್ವಾಕರ್ಷಣೆಯೆಂದರೇನು? ಭೂಮಿಯು ಹಣ್ಣನ್ನು ಸೆಳೆಯುತ್ತದೆ, ಸೂರ್ಯನು ಗ್ರಹಗಳನ್ನು ಸೆಳೆಯುತ್ತಾನೆ ಎಂದು ನ್ಯೂಟನ್ ಹೇಳಿದನು. ಈ ಸೆಳೆತವು ದೂರದಿಂದ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. 1915ರ ನವೆಂಬರಿನಲ್ಲಿ ಆಲ್ಬರ್ಟ್ ಐನ್‌ಸ್ಟೈನರು ಬೇರೊಂದು ಉತ್ತರವನ್ನು ಕೊಟ್ಟರು. ದೇಶವೂ ಕಾಲವೂ ಒಂದೇ ಹಾಸು. ದ್ರವ್ಯವಿರುವೆಡೆಯಲ್ಲಿ ಆ ಹಾಸು ಬಾಗುತ್ತದೆ. ಬಾಗಿದ ಹಾಸಿನಲ್ಲಿ ಅತ್ಯಂತ ನೇರವಾದ ದಾರಿಯನ್ನು ಹಿಡಿದು ನಡೆಯುವುದನ್ನೇ ನಾವು 'ಬೀಳುವಿಕೆ' ಎನ್ನುತ್ತೇವೆ ಎಂಬುದು ಅದರ ಸಾರ. ಈ ಸಿದ್ಧಾಂತವು ಒರೆಗೆ ನಿಂತಿತು. ಬುಧಗ್ರಹದ ಕಕ್ಷೆಯು ಶತಮಾನಕ್ಕೆ 43 ವಿಕಲೆಗಳಷ್ಟು ಹೆಚ್ಚಾಗಿ ಸರಿಯುತ್ತಿದ್ದುದಕ್ಕೆ ಅದು ಲೆಕ್ಕ ಕೊಟ್ಟಿತು. 1919ರ ಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗಿದುದನ್ನು ಅಳೆಯಲಾಯಿತು. 2015ರ ಸೆಪ್ಟೆಂಬರಿನಲ್ಲಿ ಗುರುತ್ವದ ಅಲೆಗಳು ನೇರವಾಗಿ ಉಪಕರಣಗಳಿಗೆ ಸಿಕ್ಕಿದವು.

ಹೀಗಿರಲು, ಪರ್ಯಾಯ ಸಿದ್ಧಾಂತಗಳ ಅಗತ್ಯವೇನು ಎಂದು ಕೆಲವರು ಕೇಳಬಹುದು. ಐನ್‌ಸ್ಟೈನರ ಸಿದ್ಧಾಂತವು ಕೃಷ್ಣರಂಧ್ರದ ಒಡಲಲ್ಲಿಯೂ ವಿಶ್ವದ ಆದಿಯಲ್ಲಿಯೂ ಸಾಂದ್ರತೆ ಅನಂತವಾಗುತ್ತದೆಂದು ಹೇಳಿ ಅಲ್ಲಿಗೆ ನಿಂತುಬಿಡುತ್ತದೆ. ಅಣುವಿನೊಳಗಿನ ಲೋಕವನ್ನಾಳುವ ಕ್ವಾಂಟಂ ನಿಯಮಗಳೊಡನೆ ಅದು ಇನ್ನೂ ಹೊಂದಿಕೊಂಡಿಲ್ಲ. ಆದುದರಿಂದ ಅದಕ್ಕಿಂತ ವಿಶಾಲವಾದ ಸಿದ್ಧಾಂತವೊಂದಿರಬಹುದೆಂದು ಹುಡುಕುವುದು ಅವಿನಯವಲ್ಲ, ಕರ್ತವ್ಯ. ಅಂಥ ಹುಡುಕಾಟದ ದಾರಿಗಳಲ್ಲಿ ಒಂದು ಶತಮಾನದಷ್ಟು ಹಳೆಯದಾದ ದಾರಿಯನ್ನು ತೆರೆದವರು ಫ್ರಾನ್ಸಿನ ಗಣಿತಜ್ಞ ಎಲಿ ಕಾರ್ಟನ್.

ಕಾರ್ಟನ್ನರು 1869ರಲ್ಲಿ ಡೊಲೊಮ್ಯೂ ಎಂಬ ಹಳ್ಳಿಯಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದವರು. 1922ರಲ್ಲಿ ಅವರು ಒಂದು ಸರಳವಾದ ಪ್ರಶ್ನೆಯನ್ನೆತ್ತಿದರು. ದೇಶಕಾಲದ ಹಾಸು ಬಾಗಬಲ್ಲದು, ಸರಿ; ಅದು ತಿರುಚಿಕೊಳ್ಳಲಾರದೆ? ಐನ್‌ಸ್ಟೈನರು ತಮ್ಮ ಗಣಿತದಲ್ಲಿ ತಿರುಚಿಗೆ ಮೊದಲೇ ಸೊನ್ನೆಯೆಂದು ಬರೆದಿಟ್ಟಿದ್ದರು. ಅದು ಸೊನ್ನೆಯಾಗಿರಲೇಬೇಕೆಂಬುದಕ್ಕೆ ಪ್ರಕೃತಿಯ ಸಾಕ್ಷ್ಯವೇನೂ ಇರಲಿಲ್ಲ. ವಿಜ್ಞಾನಿಗಳು 'ಟಾರ್ಷನ್' ಎಂದು ಕರೆಯುವ ಈ ಗುಣವನ್ನು, ಹಗ್ಗ ಹೊಸೆಯುವವರ ಮಾತಿನಲ್ಲಿ, ನಾವು 'ಹುರಿ' ಎಂದು ಕರೆಯೋಣ.

ಬಾಗು ಮತ್ತು ಹುರಿ, ಇವೆರಡರ ಭೇದವನ್ನು ತಿಳಿಯಲು ಎರಡು ದೃಷ್ಟಾಂತಗಳು ಸಾಕು. ಒಂದು ಬಾಣವನ್ನು ಕೈಯಲ್ಲಿ ಹಿಡಿದು, ಅದರ ದಿಕ್ಕನ್ನು ತಿರುಗಿಸದೆ, ಭೂಮಧ್ಯರೇಖೆಯಿಂದ ಉತ್ತರ ಧ್ರುವಕ್ಕೆ ನಡೆದು, ಅಲ್ಲಿಂದ ಬೇರೊಂದು ರೇಖಾಂಶದ ಗುಂಟ ಇಳಿದು, ಭೂಮಧ್ಯರೇಖೆಯ ಮೇಲೆಯೇ ಹೊರಟಲ್ಲಿಗೆ ಬನ್ನಿ. ನಾವು ತಿರುಗಿಸದಿದ್ದರೂ ಬಾಣದ ದಿಕ್ಕು ಬದಲಾಗಿರುತ್ತದೆ. ಇದು ಬಾಗಿನ ಗುರುತು. ಇನ್ನು ಹುರಿಯ ಗುರುತು ಬೇರೆ. ಅಂಗಳದಲ್ಲಿ ರಂಗೋಲಿಯ ಚೌಕವನ್ನು ಎರಡು ಕಡೆಯಿಂದ ಎಳೆಯುವುದನ್ನು ನೆನೆಯಿರಿ. ಒಬ್ಬರು ಮೊದಲು ಮೂಡಣಕ್ಕೆ ಒಂದು ಗೇಣು, ಬಳಿಕ ಬಡಗಣಕ್ಕೆ ಒಂದು ಗೇಣು ಎಳೆಯುತ್ತಾರೆ. ಇನ್ನೊಬ್ಬರು ಮೊದಲು ಬಡಗಣಕ್ಕೆ, ಬಳಿಕ ಮೂಡಣಕ್ಕೆ ಎಳೆಯುತ್ತಾರೆ. ಸಮತಲದ ಅಂಗಳದಲ್ಲಿ ಇಬ್ಬರ ಗೆರೆಗಳೂ ಒಂದೇ ಚುಕ್ಕೆಯಲ್ಲಿ ಕೂಡುತ್ತವೆ. ಹುರಿಯಿರುವ ಹಾಸಿನಲ್ಲಿ, ಚೌಕವನ್ನು ಎಷ್ಟು ಚಿಕ್ಕದಾಗಿ ಎಳೆದರೂ, ಅದರ ಅಳತೆಗೆ ತಕ್ಕ ಒಂದು ಬಿರುಕು ಉಳಿದೇ ಉಳಿಯುತ್ತದೆ. ಎತ್ತರದ ಗೋಪುರದ ಸುತ್ತುಮೆಟ್ಟಿಲಿನಲ್ಲಿ ಒಂದು ಸುತ್ತು ಬಂದವನು ಹೊರಟ ಜಾಗಕ್ಕೆ ಮರಳುವುದಿಲ್ಲ, ಅದರ ಮೇಲಿನ ಅಂತಸ್ತಿನಲ್ಲಿರುತ್ತಾನೆ. ಹುರಿಯೂ ಹೆಚ್ಚುಕಡಿಮೆ ಅಂತಹುದೇ.

ಈ ವಿಚಾರದ ಇತಿಹಾಸದಲ್ಲಿ ಮನೋಜ್ಞವಾದ ಒಂದು ಘಟನೆಯಿದೆ. 1928ರಲ್ಲಿ ಐನ್‌ಸ್ಟೈನರು ಗುರುತ್ವವನ್ನೂ ವಿದ್ಯುತ್ಕಾಂತತೆಯನ್ನೂ ಒಂದುಗೂಡಿಸುವ ಹಂಬಲದಿಂದ, ಬಾಗನ್ನು ಸೊನ್ನೆಯಾಗಿಸಿ ಹುರಿಯನ್ನು ಮಾತ್ರ ಉಳಿಸಿಕೊಂಡ ಒಂದು ಜ್ಯಾಮಿತಿಯನ್ನು ಹೊಸದೆಂದು ಪ್ರಕಟಿಸಿದರು. 1929ರ ಮೇ ತಿಂಗಳಲ್ಲಿ ಕಾರ್ಟನ್ನರು ಅವರಿಗೊಂದು ಪತ್ರ ಬರೆದರು. ಇದು ತಾವು ಮೊದಲೇ ಪ್ರಕಟಿಸಿದ ಜ್ಯಾಮಿತಿಯ ಒಂದು ವಿಶೇಷ ಪ್ರಕಾರವೆಂದೂ, 1922ರಲ್ಲಿ ಪ್ಯಾರಿಸಿನಲ್ಲಿ ಗಣಿತಜ್ಞ ಹಡಮಾರ್ಡರ ಮನೆಯಲ್ಲಿ ಭೇಟಿಯಾದಾಗ ಈ ಮಾತನ್ನು ತಾವು ಹೇಳಿದ್ದುಂಟೆಂದೂ ವಿನಯದಿಂದ ನೆನಪಿಸಿದರು. ಆಗ ಜಗತ್ತಿನಲ್ಲಿ ಐನ್‌ಸ್ಟೈನರಿಗಿಂತ ಪ್ರಸಿದ್ಧರಾದ ವಿಜ್ಞಾನಿ ಇರಲಿಲ್ಲ. ಅವರು ವಾದಕ್ಕಿಳಿಯಲಿಲ್ಲ. ಪ್ಯಾರಿಸಿನಲ್ಲಿ ಹೇಳಿದ್ದು ತಮಗೆ ಆಗ ಅರ್ಥವಾಗಿರಲಿಲ್ಲವೆಂದು ಒಪ್ಪಿ, ಈ ಜ್ಯಾಮಿತಿಯ ಇತಿಹಾಸವನ್ನು ನೀವೇ ಬರೆದುಕೊಡಿರೆಂದು ಕಾರ್ಟನ್ನರನ್ನು ಬೇಡಿಕೊಂಡರು. ಕಾರ್ಟನ್ನರ ಆ ಲೇಖನವು 1930ರಲ್ಲಿ ಪ್ರಕಟವಾಯಿತು. ಇಬ್ಬರ ನಡುವಿನ ಪತ್ರವ್ಯವಹಾರವು 1932ರವರೆಗೆ ಸಾಗಿತು. ಐನ್‌ಸ್ಟೈನರು ಆ ದಾರಿಯಲ್ಲಿ ತಮ್ಮ ಗುರಿ ಸಿಗದೆಂದು ಕಂಡುಕೊಂಡು ಅದನ್ನು ಬಿಟ್ಟರು. ಅರಿವಿನ ಮುಂದೆ ಹಿರಿತನವನ್ನು ಬದಿಗಿಡುವ ಈ ಗುಣವನ್ನು ಎಳೆಯರು ಗಮನಿಸಬೇಕು.

ಹುರಿಯ ಮಾತು ಮತ್ತೆ ಜೀವ ಪಡೆದದ್ದು ಬೇರೊಂದು ದಿಕ್ಕಿನಿಂದ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿತ್ ಎಂಬ ಇಬ್ಬರು ತರುಣರು ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಬಂದ ಒಂದು ಗಿರಕಿಯಿದೆಯೆಂದು ಹೇಳಿದ್ದರು. ಇದನ್ನು 'ಸ್ಪಿನ್' ಎನ್ನುತ್ತಾರೆ. ಬುಗುರಿಯ ತಿರುಗುವಿಕೆಯನ್ನು ನಿಲ್ಲಿಸಬಹುದು. ಎಲೆಕ್ಟ್ರಾನಿನ ಸ್ಪಿನ್ನನ್ನು ನಿಲ್ಲಿಸಲಾಗದು. ಅದು ಎಲೆಕ್ಟ್ರಾನಿನ ರಾಶಿಯಂತೆ, ವಿದ್ಯುದಂಶದಂತೆ, ಅದರ ಸ್ವಭಾವವೇ ಆಗಿದೆ. 1961ರಲ್ಲಿ ಟಾಮ್ ಕಿಬಲ್, 1962ರಲ್ಲಿ ಡೆನಿಸ್ ಷಿಯಾಮ ಎಂಬ ವಿದ್ವಾಂಸರು ಬೇರೆಬೇರೆಯಾಗಿ ತೋರಿಸಿದುದೇನೆಂದರೆ, ದ್ರವ್ಯದ ರಾಶಿಯೂ ಶಕ್ತಿಯೂ ದೇಶಕಾಲವನ್ನು ಬಾಗಿಸುವಂತೆ, ಸ್ಪಿನ್ ಅದಕ್ಕೆ ಹುರಿಯನ್ನು ಹಾಕಬಹುದು. ರಾಶಿಗೆ ಬಾಗು, ಸ್ಪಿನ್ನಿಗೆ ಹುರಿ. ಈ ಜೋಡಣೆಯ ಅಂದಕ್ಕೆ ಮನಸೋಲದ ಗಣಿತಜ್ಞರು ವಿರಳ. 1973ರಲ್ಲಿ ಪೋಲೆಂಡಿನ ಆಂಡ್ರೆಜ್ ಟ್ರೌಟ್‌ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಶ್ವದ ಆದಿಯಲ್ಲಿ ದ್ರವ್ಯವು ಅನಂತ ಸಾಂದ್ರತೆಗೆ ಕುಸಿಯುವುದನ್ನು ಈ ಹುರಿಯು ತಡೆಯಬಹುದೆಂದು ಸೂಚಿಸಿದರು.

ಅಂದವಿದೆ, ಆಸೆಯೂ ಇದೆ, ಸಾಕ್ಷ್ಯವೆಲ್ಲಿ? ಇಲ್ಲಿಯೇ ಕಷ್ಟವು ಮೊದಲಾಗುತ್ತದೆ. ಕಾರ್ಟನ್ನರ ಮೂಲರೂಪದ ಸಿದ್ಧಾಂತದಲ್ಲಿ ಹುರಿಯು ಅಲೆಯಾಗಿ ಹರಡುವುದಿಲ್ಲ. ಸ್ಪಿನ್ನುಳ್ಳ ದ್ರವ್ಯವು ಎಲ್ಲಿದೆಯೋ ಅಲ್ಲಿ ಮಾತ್ರ ಅದು ಇರುತ್ತದೆ. ಹೊರಗಿನ ಬಯಲಿನಲ್ಲಿ ಅದು ಸೊನ್ನೆ. ಒಳಗಾದರೂ ಅದರ ಪ್ರಭಾವ ಕಾಣಬೇಕಾದರೆ ಅಗಾಧವಾದ ಸಾಂದ್ರತೆ ಬೇಕು. ಒಂದು ಘನ ಸೆಂಟಿಮೀಟರಿಗೆ ಕೋಟ್ಯಂತರ ಟನ್ನು ತೂಗುವ ನ್ಯೂಟ್ರಾನ್ ನಕ್ಷತ್ರದ ಒಡಲು ಕೂಡ ಅದಕ್ಕೆ ಏನೇನೂ ಸಾಲದು. ತತ್ಕಾರಣ ಸೌರಮಂಡಲದ ಎಲ್ಲ ಸಾಮಾನ್ಯ ಪರೀಕ್ಷೆಗಳಲ್ಲಿಯೂ ಕಾರ್ಟನ್ನರ ಸಿದ್ಧಾಂತವು ಐನ್‌ಸ್ಟೈನರ ಸಿದ್ಧಾಂತದಷ್ಟೇ ಚೆನ್ನಾಗಿ ಉತ್ತೀರ್ಣವಾಗುತ್ತದೆ. ಆದರೆ ಮುಂದಿನವರು ಕಟ್ಟಿದ ಕೆಲವು ವಿಸ್ತೃತ ಸಿದ್ಧಾಂತಗಳಲ್ಲಿ ಹುರಿಯು ದ್ರವ್ಯದ ಹೊರಗೂ ಹರಡಬಲ್ಲದು. ಅಂಥವುಗಳನ್ನು ಒರೆಗೆ ಹಚ್ಚುವ ಅವಕಾಶವಿದೆ.

ಈಗ ನಾವು ಗ್ರಾವಿಟಿ ಪ್ರೋಬ್ ಬಿ ಎಂಬ ಪ್ರಯೋಗದ ಕಡೆಗೆ ಬರೋಣ. ತಿರುಗುವ ಬುಗುರಿಯನ್ನು ಭೂಮಿಯ ಸುತ್ತ ಹಾರಿಬಿಟ್ಟರೆ, ದೇಶಕಾಲದ ಬಾಗಿನಿಂದ ಅದರ ಅಕ್ಷವು ನಿಧಾನವಾಗಿ ಓಲುತ್ತದೆಂಬ ಆಲೋಚನೆಯು 1959-60ರಲ್ಲಿ ಅಮೆರಿಕದ ಜಾರ್ಜ್ ಪ್ಯೂ ಮತ್ತು ಲಿಯೊನಾರ್ಡ್ ಷಿಫ್ ಅವರಿಗೆ ಪ್ರತ್ಯೇಕವಾಗಿ ಹೊಳೆಯಿತು. ಅದು ಕೈಗೂಡಲು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ನಾಸಾ ಸೇರಿ ಕಟ್ಟಿದ ಉಪಗ್ರಹವು 2004ರ ಏಪ್ರಿಲ್ 20ರಂದು ಮೇಲೇರಿ, 642 ಕಿಲೋಮೀಟರ್ ಎತ್ತರದಲ್ಲಿ ಧ್ರುವಗಳ ಮೇಲೆ ಹಾದು ಸುತ್ತತೊಡಗಿತು. ಫ್ರಾನ್ಸಿಸ್ ಎವರಿಟ್ ಎಂಬುವರು ದಶಕಗಳ ಕಾಲ ಈ ಕಾರ್ಯದ ಮುಂದಾಳಾಗಿದ್ದರು.

ಉಪಗ್ರಹದೊಳಗೆ ಸ್ಫಟಿಕಶಿಲೆಯನ್ನು ಕರಗಿಸಿ ಮಾಡಿದ ನಾಲ್ಕು ಗೋಲಿಗಳಿದ್ದವು. ಒಂದೊಂದರ ಅಡ್ಡಳತೆ 38 ಮಿಲಿಮೀಟರು, ಟೇಬಲ್ ಟೆನಿಸ್ ಚೆಂಡಿನಷ್ಟು. ಅವುಗಳ ದುಂಡುತನ ಎಂತಹುದೆಂದರೆ, ಗೋಲಿಯನ್ನು ಭೂಮಿಯಷ್ಟು ದೊಡ್ಡದು ಮಾಡಿದರೆ ಅದರ ಮೇಲಿನ ಅತ್ಯುನ್ನತ ಬೆಟ್ಟವು ಸುಮಾರು ಎಂಟು ಅಡಿ ಮಾತ್ರ ಎತ್ತರವಿರುತ್ತಿತ್ತು. ನಿಯೋಬಿಯಮ್ ಲೋಹದ ತೆಳು ಲೇಪವನ್ನು ಹೊತ್ತ ಈ ಗೋಲಿಗಳನ್ನು ದ್ರವ ಹೀಲಿಯಮ್ಮಿನಿಂದ ತಣ್ಣಗಾಗಿಸಿ, ಏನನ್ನೂ ತಾಗದಂತೆ ತೇಲಿಸಿ ತಿರುಗಿಸಲಾಯಿತು. ದೂರದ ಐಎಂ ಪೆಗಾಸಿ ಎಂಬ ನಕ್ಷತ್ರವನ್ನು ಗುರಿಯಾಗಿಟ್ಟುಕೊಂಡು ಅಕ್ಷವು ಎಷ್ಟು ಓಲಿತೆಂದು ಸುಮಾರು ಒಂದು ವರ್ಷ ಕಾಲ ಅಳೆಯಲಾಯಿತು.

ಅಷ್ಟಾದರೂ ಸಮಸ್ಯೆಯೊಂದು ಎದುರಾಯಿತು. ಗೋಲಿಗಳ ಮೇಲೂ ಅವುಗಳ ಗೂಡಿನ ಮೇಲೂ ಅಲ್ಲಲ್ಲಿ ವಿದ್ಯುತ್ತಿನ ಕಲೆಗಳಂಥವು ಉಳಿದಿದ್ದು, ಅವು ಗೋಲಿಗಳನ್ನು ಅನಪೇಕ್ಷಿತವಾಗಿ ಸೆಳೆಯುತ್ತಿದ್ದವು. ಆ ಸೆಳೆತದ ಲೆಕ್ಕವನ್ನು ಕಳೆದು ನಿಜವಾದ ಓಲಾಟವನ್ನು ಬೇರ್ಪಡಿಸಲು ಐದಾರು ವರ್ಷಗಳ ದುಡಿಮೆ ಬೇಕಾಯಿತು. ನಾಸಾದ ಧನಸಹಾಯ ನಿಂತ ಮೇಲೂ ಬೇರೆಡೆಯ ನೆರವಿನಿಂದ ಕೆಲಸ ಮುಂದುವರಿಯಿತು. 2011ರಲ್ಲಿ ಅಂತಿಮ ಫಲಿತಾಂಶ ಹೊರಬಂದಿತು. ಬಾಗಿನಿಂದಾಗುವ ಓಲಾಟವು ವರ್ಷಕ್ಕೆ 6606 ಮಿಲಿ-ವಿಕಲೆಗಳಿರಬೇಕೆಂದು ಐನ್‌ಸ್ಟೈನರ ಸಿದ್ಧಾಂತ ಹೇಳುತ್ತಿತ್ತು. ಅಳತೆಯಲ್ಲಿ ದೊರೆತದ್ದು 6602, ಹದಿನೆಂಟರಷ್ಟು ಹೆಚ್ಚುಕಡಿಮೆ. ಭೂಮಿಯು ತಿರುಗುತ್ತ ದೇಶಕಾಲವನ್ನೂ ತನ್ನೊಡನೆ ಎಳೆಯುವುದರಿಂದ ಆಗುವ ಓಲಾಟವು 39 ಇರಬೇಕಿತ್ತು. ದೊರೆತದ್ದು 37, ಏಳರಷ್ಟು ಹೆಚ್ಚುಕಡಿಮೆ. 39 ಮಿಲಿ-ವಿಕಲೆಯೆಂದರೆ ಒಂದು ಡಿಗ್ರಿಯ ತೊಂಬತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಎರಡನೆಯ ಅಳತೆಯನ್ನು ನೂರಕ್ಕೆ ಒಂದರಷ್ಟು ನಿಖರವಾಗಿ ಮಾಡಬೇಕೆಂದಿದ್ದವರಿಗೆ ನೂರಕ್ಕೆ ಹತ್ತೊಂಬತ್ತರಷ್ಟು ಅನಿಶ್ಚಿತತೆ ಉಳಿಯಿತು. ಅದನ್ನು ಮುಚ್ಚಿಡದೆ ಹಾಗೆಯೇ ಪ್ರಕಟಿಸಿದರು.

ಹುರಿಗೂ ಈ ಪ್ರಯೋಗಕ್ಕೂ ಸಂಬಂಧವೇನು? ಫಲಿತಾಂಶ ಹೊರಬರುವ ಮೊದಲೇ, 2007ರಲ್ಲಿ, ಎಂಐಟಿ ಸಂಸ್ಥೆಯ ಯಿ ಮಾವೊ, ಮ್ಯಾಕ್ಸ್ ಟೆಗ್ಮಾರ್ಕ್, ಆಲನ್ ಗೂತ್, ಸೆರ್ಕಾನ್ ಚಾಬಿ ಎಂಬ ನಾಲ್ವರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಭೂಮಿಯಂತೆ ಸಮವಾಗಿ ತಿರುಗುವ ಗೋಳದ ಸುತ್ತ ಹುರಿಯಿರುವುದಾದರೆ ಅದನ್ನು ಏಳು ಸಂಖ್ಯೆಗಳಲ್ಲಿ ಹಿಡಿದಿಡಬಹುದೆಂದೂ, ಗ್ರಾವಿಟಿ ಪ್ರೋಬ್ ಬಿಯ ಓಲಾಟದಿಂದ ಆ ಸಂಖ್ಯೆಗಳಿಗೆ ಮಿತಿ ಹಾಕಬಹುದೆಂದೂ ಅವರು ವಾದಿಸಿದರು. ಹುರಿ ಸೊನ್ನೆಯೆಂದು ನಂಬುವುದಕ್ಕಿಂತ ಅಳೆದು ನೋಡುವುದು ಲೇಸೆಂಬುದು ಅವರ ನಿಲುವಾಗಿತ್ತು.

ಈ ವಿಷಯದಲ್ಲಿ ಬಾಳಿಡೀ ದುಡಿದ ಜರ್ಮನಿಯ ಫ್ರೀಡ್ರಿಕ್ ಹೆಲ್ ಮತ್ತು ಅವರ ಸಂಗಡಿಗರು ಒಪ್ಪಲಿಲ್ಲ. 2013ರಲ್ಲಿ ಅವರು ಬರೆದುದರ ತಾತ್ಪರ್ಯವಿದು: ಹುರಿಯು ಹಿಡಿಯುವುದು ಕಣಗಳ ಹುಟ್ಟುಸ್ಪಿನ್ನನ್ನು, ಬುಗುರಿಯ ಹೊರಗಿನ ತಿರುಗುವಿಕೆಯನ್ನಲ್ಲ. ಸ್ಫಟಿಕದ ಗೋಲಿಯಲ್ಲಿ ಕೋಟಿ ಕೋಟಿ ಕಣಗಳಿವೆ, ನಿಜ. ಆದರೆ ಅವುಗಳ ಸ್ಪಿನ್ನುಗಳು ದಿಕ್ಕುದಿಕ್ಕಿಗೆ ಮುಖ ಮಾಡಿ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಥ ಗೋಲಿ ಎಷ್ಟೇ ವೇಗವಾಗಿ ತಿರುಗಲಿ, ಹುರಿಯ ಪಾಲಿಗೆ ಅದು ಕುರುಡು. ಇದೇ ಅಭಿಪ್ರಾಯವನ್ನು 1980ರಲ್ಲಿಯೇ ಯಾಸ್ಕಿನ್ ಮತ್ತು ಸ್ಟೋಗರ್ ಎಂಬುವರು ಲೆಕ್ಕ ಹಾಕಿ ತೋರಿಸಿದ್ದರು.

ನಾವು ಮೊದಲಲ್ಲಿ ಹೇಳಿದ ಮಾತು ಇಲ್ಲಿ ಅನ್ವಯಿಸುತ್ತದೆ. ಗ್ರಾವಿಟಿ ಪ್ರೋಬ್ ಬಿ ಬಾಗಿಗೆ ಅತ್ಯುತ್ತಮವಾದ ಒರೆಗಲ್ಲು. ಹೊರಗಿನ ತಿರುಗುವಿಕೆಯೂ ಹುರಿಗೆ ಸ್ಪಂದಿಸುತ್ತದೆಂದು ಬಗೆಯುವ ಸಿದ್ಧಾಂತಗಳಿದ್ದರೆ ಅವುಗಳಿಗೂ ಅದು ಒರೆಗಲ್ಲಾಗಬಹುದು. ಆದರೆ ಸ್ಪಿನ್ನಿಗಷ್ಟೇ ಹುರಿಯೆನ್ನುವ ಮೂಲ ಸಿದ್ಧಾಂತಕ್ಕೆ ಅದು ಒರೆಗಲ್ಲಲ್ಲ. ಅಲ್ಲಿ ಹುರಿ ಕಾಣಲಿಲ್ಲವೆಂದ ಮಾತ್ರಕ್ಕೆ ಹುರಿಯಿಲ್ಲವೆನ್ನುವುದು, ಕಿವುಡನಿಗೆ ಕೇಳಿಸಲಿಲ್ಲವಾದ್ದರಿಂದ ಗಂಟೆ ಬಾರಿಸಲಿಲ್ಲವೆಂದಂತೆ.

ಹಾಗಾದರೆ ತಕ್ಕ ಒರೆಗಲ್ಲು ಯಾವುದು? ಸ್ಪಿನ್ನುಗಳೆಲ್ಲ ಒಂದೇ ದಿಕ್ಕಿಗೆ ನಿಂತಿರುವ ವಸ್ತು. ಅಯಸ್ಕಾಂತದಲ್ಲಿ ಸ್ಪಿನ್ನುಗಳು ಹಾಗೆ ನಿಲ್ಲುತ್ತವೆ, ಆದರೆ ಅದರ ಕಾಂತಸೆಳೆತವೇ ಅಳತೆಯನ್ನೆಲ್ಲ ಕೆಡಿಸಿಬಿಡುತ್ತದೆ. ಅಮೆರಿಕದ ಸಿಯಾಟಲಿನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೊಂದು ಜಾಣತನದ ಉಪಾಯ ಕಂಡುಹಿಡಿದರು. ಅಲ್ನಿಕೊ ಎಂಬ ಮಿಶ್ರಲೋಹದಲ್ಲಿ ಕಾಂತತೆಯು ಬಹುಮಟ್ಟಿಗೆ ಸ್ಪಿನ್ನಿನಿಂದ ಬರುತ್ತದೆ. ಸಮೇರಿಯಮ್-ಕೋಬಾಲ್ಟಿನಲ್ಲಿ ಎಲೆಕ್ಟ್ರಾನುಗಳ ಕಕ್ಷಾಚಲನೆಯದೂ ದೊಡ್ಡ ಪಾಲಿದೆ. ಎರಡರ ಕಾಂತತೆಯನ್ನು ಸರಿದೂಗಿಸಿ ಒಂದು ಉಂಗುರದಲ್ಲಿ ಜೋಡಿಸಿದರೆ ಹೊರಗೆ ಕಾಂತಸೆಳೆತ ಉಳಿಯುವುದಿಲ್ಲ, ಆದರೆ ಸ್ಪಿನ್ನುಗಳ ಲೆಕ್ಕದಲ್ಲಿ ಶೇಷ ಉಳಿಯುತ್ತದೆ. ಹೀಗೆ 10ರ 23ನೆಯ ಘಾತದಷ್ಟು, ಎಂದರೆ ಒಂದರ ಮುಂದೆ ಇಪ್ಪತ್ಮೂರು ಸೊನ್ನೆ ಹಾಕಿದಷ್ಟು, ಎಲೆಕ್ಟ್ರಾನುಗಳ ಸ್ಪಿನ್ನುಗಳು ಒಂದೇ ದಿಕ್ಕಿಗೆ ನಿಂತ ಲೋಲಕವನ್ನು ತೆಳುವಾದ ತಂತಿಯಲ್ಲಿ ತೂಗುಬಿಟ್ಟು, ಭೂಮಿ ತಿರುಗಿದಂತೆ ಅದು ಯಾವುದಾದರೂ ದಿಕ್ಕಿಗೆ ಒಲಿಯುವುದೇ ಎಂದು ಕಾದುನೋಡಿದರು. ಅದು ಯಾವ ದಿಕ್ಕಿಗೂ ಒಲಿಯಲಿಲ್ಲ.

2008ರಲ್ಲಿ ಅಲನ್ ಕೊಸ್ಟೆಲೆಟ್ಸ್ಕಿ, ನೀಲ್ ರಸೆಲ್, ಜೇ ಟ್ಯಾಸನ್ ಎಂಬ ಮೂವರು ಈ ಲೋಲಕವೇ ಮೊದಲಾದ ಪ್ರಯೋಗಗಳ ಅಂಕಿಗಳನ್ನು ಹುರಿಯ ಭಾಷೆಗೆ ತಿರುಗಿಸಿದರು. ಹುರಿಗೆ ಒಟ್ಟು 24 ಸ್ವತಂತ್ರ ಅಂಶಗಳಿವೆ. ಸೌರಮಂಡಲದ ಸುತ್ತಮುತ್ತ ಸ್ಥಿರವಾದ ಹುರಿಯಿದೆಯೆಂದು ಭಾವಿಸಿದರೆ, ಅವುಗಳಲ್ಲಿ 19 ಅಂಶಗಳು ಅತ್ಯಲ್ಪವಾಗಿರಲೇಬೇಕೆಂದು ಅವರು ತೋರಿಸಿದರು. 2014ರಲ್ಲಿ ಬೇರೊಂದು ತಂಡವು, ದ್ರವ ಹೀಲಿಯಮ್ಮಿನ ಮೂಲಕ ಹಾಯಿಸಿದ ನಿಧಾನಗತಿಯ ನ್ಯೂಟ್ರಾನುಗಳ ಸ್ಪಿನ್ ಎಷ್ಟು ತಿರುಗುತ್ತದೆಂಬ ಅಳತೆಯಿಂದ, ದ್ರವ್ಯದೊಳಗಿನ ಹುರಿಗೆ ಮೊತ್ತಮೊದಲ ಮಿತಿಯನ್ನು ಹಾಕಿತು. ಇವು ತಕ್ಕ ಒರೆಗಲ್ಲುಗಳು. ಇಲ್ಲಿಯೂ ಹುರಿಯು ಕಾಣಿಸಲಿಲ್ಲ, ಆದರೆ ಈ 'ಇಲ್ಲ' ಎಂಬ ಉತ್ತರಕ್ಕೆ ತೂಕವಿದೆ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಐನ್‌ಸ್ಟೈನರು 1928ರಲ್ಲಿ ಹಿಡಿದು ಬಿಟ್ಟ ದಾರಿಯಲ್ಲಿಯೇ, ಬಾಗಿಲ್ಲದೆ ಹುರಿಯಿಂದಲೇ ಗುರುತ್ವವನ್ನು ವಿವರಿಸುವ ಒಂದು ಸಿದ್ಧಾಂತವನ್ನು ಮುಂದಿನವರು ಕಟ್ಟಿದರು. ಅದರ ಸಮೀಕರಣಗಳು 1915ರ ಸಿದ್ಧಾಂತದ ಸಮೀಕರಣಗಳಿಗೆ ಪೂರ್ತಿಯಾಗಿ ಸಮಾನವಾಗಿವೆ. ಗ್ರಹಗಳ ಓಟವಾಗಲಿ, ಬೆಳಕಿನ ಬಾಗುವಿಕೆಯಾಗಲಿ, ಅಲೆಗಳಾಗಲಿ, ಎರಡೂ ಒಂದೇ ಉತ್ತರ ಹೇಳುತ್ತವೆ. ಒಂದೇ ಊರಿನ ಲೆಕ್ಕವನ್ನು ಒಬ್ಬರು ಮೈಲಿಯಲ್ಲಿ, ಒಬ್ಬರು ಕಿಲೋಮೀಟರಿನಲ್ಲಿ ಬರೆದಂತೆ. ಇವುಗಳ ನಡುವೆ ತೀರ್ಪು ಕೊಡಬಲ್ಲ ಒರೆಗಲ್ಲು ಇರಲಾರದು. ಆದುದರಿಂದ ಹುರಿ ಇದೆಯೇ ಎಂದು ಕೇಳುವವರು, ಯಾವ ಸಿದ್ಧಾಂತದ ಹುರಿಯೆಂದು ಮೊದಲು ಸ್ಪಷ್ಟಪಡಿಸಬೇಕು.

ಗುರುತ್ವದ ಅಲೆಗಳು ಸಿಕ್ಕಿದ ಮೇಲೆ ಪರೀಕ್ಷೆಯ ಕ್ಷೇತ್ರವು ವಿಸ್ತಾರವಾಗಿದೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ, ಹದಿಮೂರು ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಿಂದ ಬಂದ ಗುರುತ್ವದ ಅಲೆಯೂ ಗಾಮಾ ಕಿರಣಗಳೂ ಎರಡೇ ಕ್ಷಣಗಳ ಅಂತರದೊಳಗೆ ನಮ್ಮನ್ನು ಮುಟ್ಟಿದವು. ಗುರುತ್ವದ ಅಲೆಗೆ ಬೆಳಕಿಗಿಂತ ಬೇರೆ ವೇಗವನ್ನು ಹೇಳಿದ್ದ ಹಲವು ಪರ್ಯಾಯ ಸಿದ್ಧಾಂತಗಳು ಅಂದು ಒಂದೇ ಏಟಿಗೆ ಬಿದ್ದವು. ಕಾರ್ಟನ್ನರ ಸಿದ್ಧಾಂತವು ಆ ಏಟಿಗೆ ಸಿಕ್ಕಲಿಲ್ಲ. ಕೃಷ್ಣರಂಧ್ರಗಳು ಕೂಡಿದಾಗ ಹೊಮ್ಮುವ ಅಲೆಯ ಕೊನೆಯಲ್ಲಿ, ಬಾರಿಸಿದ ಗಂಟೆಯ ನಾದವು ಅಡಗುವಂತೆ, ಕ್ಷೀಣಿಸುತ್ತ ಹೋಗುವ ಒಂದು ಅನುರಣನವಿದೆ. ಅದನ್ನು 1970ರಲ್ಲಿ ಲೆಕ್ಕದಲ್ಲಿ ಮೊದಲು ಕಂಡವರು ನಮ್ಮ ಕನ್ನಡನಾಡಿನ ಸಿ.ವಿ. ವಿಶ್ವೇಶ್ವರ ಅವರು, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ರೂಪಿಸಿದವರೂ ಅವರೇ. 2017ರಲ್ಲಿ ಅವರು ಅಗಲಿದರು. ಆ ಅನುರಣನವು ಇಂದು ಗುರುತ್ವದ ಸಿದ್ಧಾಂತಗಳನ್ನು ತಿಕ್ಕಿ ನೋಡುವ ಒರೆಗಲ್ಲುಗಳಲ್ಲಿ ಒಂದಾಗಿದೆ.

ಸಂಸಾರಸ್ಥರಿಗೆ ಇದರಿಂದೇನು ಎಂಬ ಪ್ರಶ್ನೆಗೂ ಉತ್ತರ ಹೇಳಿ ಮುಗಿಸುತ್ತೇವೆ. 'ಟಾರ್ಷನ್' ಎಂಬ ಪದವನ್ನು ವಿಜ್ಞಾನದಿಂದ ಕದ್ದು ವ್ಯಾಪಾರ ಮಾಡಿದವರುಂಟು. ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿ 'ಟಾರ್ಷನ್ ಕ್ಷೇತ್ರ'ವೆಂಬ ಹೆಸರಿನಲ್ಲಿ ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸುವ, ರೋಗ ಗುಣಪಡಿಸುವ ಪವಾಡಗಳನ್ನು ಸಾರಲಾಯಿತು; ಸರ್ಕಾರದ ಹಣವೂ ಅದಕ್ಕೆ ವ್ಯಯವಾಯಿತು. 1991ರಲ್ಲಿ ಅಲ್ಲಿನ ವಿಜ್ಞಾನಿಗಳು ಎದ್ದುನಿಂತು ಅದನ್ನು ಬಯಲಿಗೆಳೆದರು. ಇಂದಿಗೂ ಆ ಹೆಸರಿನ ಪದಕಗಳನ್ನೂ ಫಲಕಗಳನ್ನೂ ಮಾರುವವರಿದ್ದಾರೆ. ನಮ್ಮ ಬಂಧುಗಳು ನೆನಪಿಡಬೇಕಾದದ್ದಿಷ್ಟು: ಜಗತ್ತಿನ ಅತಿ ಸೂಕ್ಷ್ಮವಾದ ಲೋಲಕಕ್ಕೂ ನಿಲುಕದ ಹುರಿಯು ಕೊರಳಿಗೆ ಕಟ್ಟಿದ ಪದಕದಲ್ಲಿ ಕುಳಿತು ಮಂಡಿನೋವನ್ನು ಕಳೆಯಲಾರದು. ಅದಕ್ಕಾಗಿ ಕೊಡುವ ಹಣ ಮನೆಯ ಮಕ್ಕಳ ಓದಿಗೆ ಸಲ್ಲಲಿ.

ಕಾರ್ಟನ್ನರ ಪ್ರಶ್ನೆಗೆ ನೂರು ವರ್ಷ ತುಂಬಿದೆ. ಹುರಿಯು ಇದೆಯೆಂಬುದಕ್ಕೆ ಈವರೆಗೆ ಸಾಕ್ಷ್ಯ ದೊರೆತಿಲ್ಲ. ಇಲ್ಲವೇ ಇಲ್ಲವೆಂದು ಹೇಳಲೂ ಬರುವಂತಿಲ್ಲ. ಇದ್ದರೆ ಇಷ್ಟಕ್ಕಿಂತ ಕಡಿಮೆಯಿರಬೇಕೆಂಬ ಗೆರೆಯನ್ನು ಒಂದೊಂದು ಪ್ರಯೋಗವೂ ಇನ್ನಷ್ಟು ಕೆಳಗೆ ಎಳೆಯುತ್ತಿದೆ. ನಾಲ್ಕು ಗೋಲಿಗಳಿಗಾಗಿ ಅರ್ಧ ಶತಮಾನ ದುಡಿದವರು, ಒಲಿಯದ ಲೋಲಕವನ್ನು ಕಾಯುತ್ತ ಕುಳಿತವರು, ತಮ್ಮ ಶ್ರಮಕ್ಕೆ ದೊರೆತ 'ಕಾಣಲಿಲ್ಲ' ಎಂಬ ಉತ್ತರವನ್ನು ಹಾಗೆಯೇ ಬರೆದಿಟ್ಟಿದ್ದಾರೆ. ಮುಂದೆ ಅಳೆಯುವವರು ಆ ಬರಹದಿಂದಲೇ ಮೊದಲುಮಾಡುತ್ತಾರೆ.